ಬೈಸಿಕಲ್ ವೀರ ಮೇಜರ್ ಟೇಲರ್

ಬೈಸಿಕಲ್ಲನ್ನು ನಾವು ಬಡವರ ವಾಹನವೆಂದು ತಿಳಿದಿದ್ದೇವೆ. ಹಾಲು ಹಾಕುವವನಿಗೂ ಪತ್ರಿಕೆ ಹಂಚುವ ಹುಡುಗನಿಗೂ ಶಾಲೆಗೆ ಹೋಗುವ ವಿದ್ಯಾರ್ಥಿಗೂ ಅದು ಸಂಗಾತಿ. ಆದರೆ ಒಂದು ಕಾಲದಲ್ಲಿ ಅದು ಸಿರಿವಂತರ ಹೆಮ್ಮೆಯ ವಸ್ತುವಾಗಿತ್ತು. ಮೊದಮೊದಲಿನ ಬೈಸಿಕಲ್ಲಿಗೆ ಮುಂದೆ ಎದೆಯೆತ್ತರದ ದೊಡ್ಡ ಚಕ್ರ, ಹಿಂದೆ ಪುಟ್ಟ ಚಕ್ರ. ಏರುವುದೇ ಒಂದು ಸಾಹಸ, ಬಿದ್ದರೆ ತಲೆ ಒಡೆಯುವ ಭಯ. 1885ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿ ನಗರದ ಜಾನ್ ಕೆಂಪ್ ಸ್ಟಾರ್ಲಿ ಎಂಬುವನು ಬಹುಮಟ್ಟಿಗೆ ಸಮಾನ ಗಾತ್ರದ ಎರಡು ಚಕ್ರಗಳುಳ್ಳ, ಸರಪಣಿಯಿಂದ ಹಿಂದಿನ ಚಕ್ರವನ್ನು ತಿರುಗಿಸುವ ಬೈಸಿಕಲ್ಲನ್ನು ಮಾರುಕಟ್ಟೆಗೆ ತಂದನು. ಮೂರು ವರ್ಷಗಳ ತರುವಾಯ, 1888ರಲ್ಲಿ, ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ರಬ್ಬರ್ ಟೈರಿಗೆ ಹಕ್ಕುಪತ್ರ ಪಡೆದನು. ಈ ಎರಡು ಸುಧಾರಣೆಗಳು ಕೂಡಿದಾಗ ಬೈಸಿಕಲ್ಲು ಹಗುರವೂ ವೇಗವುಳ್ಳದ್ದೂ ಆಯಿತು.

ಮೋಟಾರು ವಾಹನ ಇನ್ನೂ ಜನಬಳಕೆಗೆ ಬಾರದಿದ್ದ ಆ ದಿನಗಳಲ್ಲಿ ಮನುಷ್ಯನು ತನ್ನ ಕಾಲುಬಲದಿಂದಲೇ ಕುದುರೆಯನ್ನು ಮೀರಿಸಿ ಓಡಬಲ್ಲನೆಂಬುದು ಜನರನ್ನು ಬೆರಗುಗೊಳಿಸಿತು. ಯೂರೋಪು, ಅಮೆರಿಕ, ಆಸ್ಟ್ರೇಲಿಯಗಳ ನಗರನಗರಗಳಲ್ಲಿ ಸೈಕಲ್ ಪಂದ್ಯಗಳಿಗೆಂದೇ ದುಂಡಗಿನ ಪಥಗಳು ನಿರ್ಮಾಣವಾದವು. ಅವುಗಳಲ್ಲಿ ಕೆಲವು ಮರದ ಹಲಗೆಗಳವು. ವೇಗವಾಗಿ ಬರುವ ಸವಾರನು ಹೊರಕ್ಕೆ ಜಾರದಂತೆ ತಿರುವುಗಳಲ್ಲಿ ಓರೆಯಾಗಿ ಎತ್ತರಿಸಿದಂಥವು. ಪಂದ್ಯಗಳನ್ನು ನೋಡಲು ಸಹಸ್ರಾರು ಜನ ಸೇರುತ್ತಿದ್ದರು. ಗೆದ್ದ ಸವಾರರ ಚಿತ್ರಗಳು ಪತ್ರಿಕೆಗಳ ಮೊದಲ ಪುಟದಲ್ಲಿ ರಾರಾಜಿಸುತ್ತಿದ್ದವು. ಆ ಕಾಲದ ಸವಾರರಲ್ಲಿ ಅತ್ಯಂತ ವೇಗಶಾಲಿಯೆಂದು ಹೆಸರಾದವನು ಅಮೆರಿಕದ ಮಾರ್ಷಲ್ ವಾಲ್ಟರ್ ಟೇಲರ್. ಲೋಕ ಅವನನ್ನು ಮೇಜರ್ ಟೇಲರ್ ಎಂದೇ ಕರೆಯಿತು. ಅವನು ಒಂದು ದಿನವಾದರೂ ಸೈನ್ಯದಲ್ಲಿ ಸೇವೆ ಸಲ್ಲಿಸಿದವನಲ್ಲ. ಆ ಬಿರುದು ಬಂದ ಬಗೆಯೇ ಬೇರೆ.

ಟೇಲರನು 1878ರ ನವೆಂಬರ್ 26ರಂದು ಇಂಡಿಯಾನಾ ಸಂಸ್ಥಾನದ ಇಂಡಿಯಾನಾಪೊಲಿಸ್ ನಗರದ ಹೊರವಲಯದಲ್ಲಿ ಜನಿಸಿದನು. ತಂದೆ ಗಿಲ್ಬರ್ಟ್, ತಾಯಿ ಸಫ್ರೋನಿಯಾ. ಮನೆಯಲ್ಲಿ ಎಂಟು ಮಂದಿ ಮಕ್ಕಳು. ಅವರು ಕಪ್ಪು ಜನಾಂಗದವರು. ಅಮೆರಿಕದ ಅಂತರ್ಯುದ್ಧವು 1865ರಲ್ಲಿ ಮುಗಿದು ಗುಲಾಮಗಿರಿಯೇನೋ ಕಾನೂನಿನಿಂದ ಅಳಿದಿತ್ತು. ಆದರೆ ಬಿಳಿಯರ ಮನಸ್ಸಿನಲ್ಲಿ ಬೇರೂರಿದ್ದ ತಾರತಮ್ಯ ಅಳಿದಿರಲಿಲ್ಲ. ಹೋಟೆಲು, ರೈಲುಗಾಡಿ, ಶಾಲೆ, ಆಟದ ಬಯಲು ಎಲ್ಲೆಲ್ಲಿಯೂ ಕಪ್ಪು ಜನರಿಗೆ ಬಾಗಿಲು ಮುಚ್ಚಿಯೋ ಅರೆ ತೆರೆದೋ ಇರುತ್ತಿತ್ತು.

ಗಿಲ್ಬರ್ಟನು ಸದರ್ಡ್ ಎಂಬ ಶ್ರೀಮಂತ ಬಿಳಿಯ ಕುಟುಂಬದಲ್ಲಿ ಸಾರಥಿಯಾಗಿದ್ದನು. ಕುದುರೆಗಳನ್ನು ಓಡಾಡಿಸಲು ತಂದೆಯೊಡನೆ ಹೋಗುತ್ತಿದ್ದ ಬಾಲಕ ಮಾರ್ಷಲನಿಗೂ ಆ ಮನೆಯ ಮಗ ಡೇನಿಯಲನಿಗೂ ಗೆಳೆತನ ಬೆಳೆಯಿತು. ಇಬ್ಬರೂ ಒಂದೇ ವಯಸ್ಸಿನವರು. ಸದರ್ಡ್ ದಂಪತಿಗಳು ಮಾರ್ಷಲನನ್ನು ಮಗನ ಜೊತೆಗಾರನೆಂದು ಮನೆಯಲ್ಲಿಯೇ ಇರಿಸಿಕೊಂಡರು. ಡೇನಿಯಲನಿಗೆ ಕೊಟ್ಟ ಉಡುಪನ್ನೇ ಅವನಿಗೂ ಕೊಟ್ಟರು, ಪಾಠವನ್ನೂ ಹೇಳಿಸಿದರು. ನೆರೆಹೊರೆಯ ಹುಡುಗರಿಗೆಲ್ಲ ಬೈಸಿಕಲ್ಲುಗಳಿದ್ದವು. ಮಾರ್ಷಲನಿಗೂ ಒಂದು ದೊರೆಯಿತು. ನಾಲ್ಕಾರು ವರ್ಷ ಸುಖವಾಗಿ ಕಳೆದವು. ಆದರೆ ಗೆಳೆಯರೆಲ್ಲ ವೈ.ಎಂ.ಸಿ.ಎ. ವ್ಯಾಯಾಮಶಾಲೆಗೆ ಹೋಗುವಾಗ ಅವನೊಬ್ಬನು ಹೊರಗೆ ನಿಲ್ಲಬೇಕಾಗಿತ್ತು. ಕಪ್ಪು ಹುಡುಗನಿಗೆ ಅಲ್ಲಿ ಪ್ರವೇಶವಿರಲಿಲ್ಲ. ಸದರ್ಡ್ ದಂಪತಿಗಳು ಹೇಳಿನೋಡಿದರೂ ಫಲವಾಗಲಿಲ್ಲ. ಗೆಳೆಯರು ಒಳಗೆ ಕಲಿತ ವ್ಯಾಯಾಮಗಳನ್ನು ಹೊರಗೆ ಬಂದು ಅವನಿಗೆ ತೋರಿಸಿಕೊಡುತ್ತಿದ್ದರು. ಅವನು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದನು.

ಸದರ್ಡ್ ಕುಟುಂಬ ಶಿಕಾಗೋ ನಗರಕ್ಕೆ ವಲಸೆ ಹೋದಾಗ ತಾಯಿ ಮಗನನ್ನು ಕಳುಹಿಸಲು ಒಪ್ಪಲಿಲ್ಲ. ಅರಮನೆಯಂಥ ಮನೆಯಿಂದ ಹುಡುಗನು ತನ್ನ ಗುಡಿಸಲಿಗೆ ಮರಳಿದನು. ಜೊತೆಯಲ್ಲಿ ಉಳಿದದ್ದು ಆ ಬೈಸಿಕಲ್ಲು ಮಾತ್ರ. ಅದರ ಮೇಲೆ ಮನೆಮನೆಗೆ ಪತ್ರಿಕೆ ಹಾಕಿ ನಾಲ್ಕು ಕಾಸು ಸಂಪಾದಿಸತೊಡಗಿದನು. ಬಿಡುವಿನ ವೇಳೆಯಲ್ಲಿ ಸೈಕಲ್ಲಿನ ಮೇಲೆ ಬಗೆಬಗೆಯ ಕಸರತ್ತುಗಳನ್ನು ತಾನಾಗಿಯೇ ಕಲಿತನು. ಒಮ್ಮೆ ದುರಸ್ತಿಗೆಂದು ಹೇ ಮತ್ತು ವಿಲಿಟ್ಸ್ ಎಂಬುವರ ಸೈಕಲ್ ಅಂಗಡಿಗೆ ಹೋದವನು ಹೊರಡುವಾಗ ಹುಡುಗುತನದಿಂದ ಒಂದು ಚಮತ್ಕಾರ ಮಾಡಿ ಏರಿದನು. ಅದನ್ನು ಕಂಡ ಮಾಲೀಕರು ಅವನನ್ನು ಕೆಲಸಕ್ಕೆ ಇಟ್ಟುಕೊಂಡರು. ವಾರಕ್ಕೆ ಆರು ಡಾಲರ್ ಸಂಬಳ; ಮೇಲೆ ಮೂವತ್ತೈದು ಡಾಲರ್ ಬೆಲೆಯ ಒಂದು ಹೊಸ ಬೈಸಿಕಲ್ಲು. ಬೆಳಿಗ್ಗೆ ಅಂಗಡಿಯ ಕಸ ಗುಡಿಸಿ ಧೂಳು ಒರೆಸುವುದು, ಮಧ್ಯಾಹ್ನ ಅಂಗಡಿಯ ಮುಂದೆ ಕಸರತ್ತು ತೋರಿಸಿ ಗಿರಾಕಿಗಳನ್ನು ಸೆಳೆಯುವುದು ಅವನ ಕೆಲಸ. ಕಸರತ್ತಿನ ವೇಳೆ ಅವನಿಗೆ ಸೈನಿಕರಂಥ ಗುಂಡಿಗಳುಳ್ಳ ಸಮವಸ್ತ್ರವನ್ನು ತೊಡಿಸುತ್ತಿದ್ದರು. ನೆರೆದ ಜನ ಅವನನ್ನು ಮೇಜರ್ ಎಂದು ಕೂಗಿ ಕರೆದರು. ತಮಾಷೆಗೆ ಬಂದ ಹೆಸರು ಕೊನೆಯವರೆಗೂ ಅವನನ್ನು ಬಿಡಲಿಲ್ಲ.

ಅವನ ಮೊದಲ ಪಂದ್ಯವೂ ತಮಾಷೆಯಿಂದಲೇ ಆರಂಭವಾಯಿತು. ಅಂಗಡಿಯವರು ಪ್ರತಿವರ್ಷ ಹತ್ತು ಮೈಲಿಗಳ ರಸ್ತೆ ಪಂದ್ಯವೊಂದನ್ನು ನಡೆಸುತ್ತಿದ್ದರು. ಬಹುಮಾನದ ಚಿನ್ನದ ಪದಕವನ್ನು ಅಂಗಡಿಯ ಕಿಟಕಿಯಲ್ಲಿ ಇರಿಸಿದ್ದರು. ಧೂಳು ಒರೆಸುವಾಗ ಹುಡುಗನು ಅದನ್ನು ದಿನವೂ ನೋಡುತ್ತಿದ್ದನು. ಪಂದ್ಯದ ದಿನ ಅವನು ನೋಟಕನಾಗಿ ಹೋಗಿ ನಿಂತಿದ್ದಾಗ ಮಾಲೀಕನು ಅವನನ್ನು ಬಲವಂತದಿಂದ ಸಾಲಿನಲ್ಲಿ ನಿಲ್ಲಿಸಿದನು. ಹದಿಮೂರರ ಆಸುಪಾಸಿನ ಪೋರನು ಒಂದಷ್ಟು ದೂರ ಹೋಗಿ ನಿಲ್ಲಲಿ, ಜನ ನಗಲಿ ಎಂಬುದೇ ಅವನ ಉದ್ದೇಶ. ಹುಡುಗನು ನಿಲ್ಲಲಿಲ್ಲ. ದಾರಿಯಲ್ಲಿ ಅವನು ಮುಂದಿರುವುದನ್ನು ಕಂಡ ಮಾಲೀಕನು ಪಕ್ಕದಲ್ಲಿ ಬಂದು ಆ ಪದಕವನ್ನು ಆಡಿಸಿ ತೋರಿಸಿ ಹುರಿದುಂಬಿಸಿದನಂತೆ. ಕೆಲವೇ ಸೆಕೆಂಡುಗಳ ಅಂತರದಲ್ಲಿ ಮೊದಲಿಗನಾಗಿ ಗೆರೆ ದಾಟಿದ ಹುಡುಗನು ಅಲ್ಲಿಯೇ ಕುಸಿದುಬಿದ್ದನು. ಎಚ್ಚರವಾದಾಗ ಪದಕ ಅವನ ಎದೆಯ ಮೇಲಿತ್ತು. ಅವನು ಅದನ್ನು ತಾಯಿಗೆ ಒಯ್ದುಕೊಟ್ಟನು.

ಈ ಗೆಲುವನ್ನು ಎಲ್ಲರೂ ಮೆಚ್ಚಲಿಲ್ಲ. ಇಂಡಿಯಾನಾಪೊಲಿಸಿನ ಪಥವೊಂದರಲ್ಲಿ ಅವನು ಒಂದು ಮೈಲಿಯ ಸ್ಥಳೀಯ ದಾಖಲೆಯನ್ನು ಮುರಿದಾಗ ಅವನಿಗೆ ಸಿಕ್ಕಿದ್ದು ಬಹುಮಾನವಲ್ಲ, ಬಹಿಷ್ಕಾರ. ಆಗ ಅವನ ಕೈಹಿಡಿದವನು ಲೂಯಿಸ್ ಮಂಗರ್ ಎಂಬ ಬಿಳಿಯ. ಈತನು ಹಿಂದೆ ತಾನೂ ಎತ್ತರದ ಚಕ್ರದ ಬೈಸಿಕಲ್ಲಿನ ಸವಾರನಾಗಿದ್ದು ಬಳಿಕ ಸೈಕಲ್ ತಯಾರಿಸುವ ಉದ್ಯಮಕ್ಕೆ ಇಳಿದಿದ್ದನು. ಹುಡುಗನ ಕಾಲುಗಳಲ್ಲಿ ಅಡಗಿದ್ದ ಶಕ್ತಿಯನ್ನು ಅವನು ಒಂದೇ ನೋಟಕ್ಕೆ ಗುರುತಿಸಿದನು. ಮನೆಯಲ್ಲಿ ಕೆಲಸ ಕೊಟ್ಟನು, ಒಳ್ಳೆಯ ಹಗುರವಾದ ಬೈಸಿಕಲ್ಲು ಕೊಟ್ಟನು, ಪಂದ್ಯದ ಒಳಗುಟ್ಟುಗಳನ್ನು ಕಲಿಸಿದನು. ಕಪ್ಪು ಹುಡುಗನಿಗೆ ಇಷ್ಟೊಂದು ಸಲಿಗೆ ಕೊಡುವುದು ಊರಿನ ಕೆಲವರಿಗೆ ಸರಿಬೀಳಲಿಲ್ಲ. 1895ರಲ್ಲಿ ಮಂಗರನು ತನ್ನ ಉದ್ಯಮವನ್ನು ಮ್ಯಾಸಚೂಸೆಟ್ಸ್ ಸಂಸ್ಥಾನದ ವುಸ್ಟರ್ ನಗರಕ್ಕೆ ಸಾಗಿಸಿದನು. ಟೇಲರನೂ ಅವನೊಡನೆ ಹೊರಟನು.

ವುಸ್ಟರ್ ನಗರದಲ್ಲಿ ಅವನಿಗೆ ಮೊದಲ ಬಾರಿಗೆ ವೈ.ಎಂ.ಸಿ.ಎ. ವ್ಯಾಯಾಮಶಾಲೆಯ ಬಾಗಿಲು ತೆರೆಯಿತು. ಬಾಲ್ಯದಲ್ಲಿ ಹೊರಗೆ ನಿಂತವನಿಗೆ ಇದು ಎಷ್ಟು ದೊಡ್ಡ ಸಂಗತಿಯಾಗಿ ತೋರಿತೆಂಬುದನ್ನು ನಾವು ಊಹಿಸಬಹುದು. ಆ ಊರಿನಲ್ಲಿ ಜಾರ್ಜ್ ಬೀದಿ ಎಂಬ ಕಡಿದಾದ ಏರು ಇದೆ. ಅದನ್ನು ಬೈಸಿಕಲ್ಲಿನಿಂದ ಇಳಿಯದೆ ಹತ್ತುವುದು ಬಹಳ ಕಷ್ಟ. ಟೇಲರನು ಅದನ್ನೇ ತನ್ನ ಅಭ್ಯಾಸದ ಸ್ಥಳವನ್ನಾಗಿ ಮಾಡಿಕೊಂಡನು.

ಇಷ್ಟರಲ್ಲಿ ಇನ್ನೊಂದು ಅಡ್ಡಿ ಎದುರಾಗಿತ್ತು. ದೇಶದ ಸೈಕಲ್ ಸವಾರರ ಅತಿದೊಡ್ಡ ಸಂಘವು 1894ರಲ್ಲಿ ಲೂಯಿವಿಲ್ ನಗರದಲ್ಲಿ ಸಭೆ ಸೇರಿ, ಬಿಳಿಯರಿಗಲ್ಲದೆ ಅನ್ಯರಿಗೆ ಸದಸ್ಯತ್ವವಿಲ್ಲವೆಂದು ನಿಯಮ ಮಾಡಿತ್ತು. (ಆ ನಿಯಮವನ್ನು ಸಂಘವು ವಿಧಿವತ್ತಾಗಿ ರದ್ದುಪಡಿಸಿದ್ದು 1999ರಲ್ಲಿ, ಒಂದು ನೂರು ವರ್ಷಗಳಿಗಿಂತ ಹೆಚ್ಚು ಕಾಲ ಆ ಮಾತು ಕಾಗದದ ಮೇಲೆ ಉಳಿದಿತ್ತು.) ಸದಸ್ಯತ್ವವಿಲ್ಲದಿದ್ದರೂ ವೃತ್ತಿಪರ ಪಂದ್ಯಗಳಲ್ಲಿ ಭಾಗವಹಿಸುವ ದಾರಿ ಪೂರ್ತಿಯಾಗಿ ಮುಚ್ಚಿರಲಿಲ್ಲ. ಅದರ ಮೂಲಕವೇ ಟೇಲರನು ಒಳಹೊಕ್ಕನು.

1896ರ ಡಿಸೆಂಬರ್ ತಿಂಗಳಲ್ಲಿ, ಹದಿನೆಂಟು ತುಂಬಿದ ಕೆಲವೇ ದಿನಗಳಲ್ಲಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣದಲ್ಲಿ ಅವನು ವೃತ್ತಿಪರನಾಗಿ ಕಾಲಿಟ್ಟನು. ಮೊದಲ ರಾತ್ರಿಯ ಅರ್ಧ ಮೈಲಿಯ ಪಂದ್ಯದಲ್ಲಿ ಅಮೆರಿಕದ ಪ್ರಖ್ಯಾತ ಸವಾರ ಎಡ್ಡಿ ಬಾಲ್ಡನನ್ನೂ ಹಿಂದಿಕ್ಕಿ ಗೆದ್ದನು. ಅದರ ಬೆನ್ನಿಗೇ ಆರಂಭವಾದದ್ದು ಆರು ದಿನಗಳ ಪಂದ್ಯ. ಆರು ಹಗಲು, ಆರು ರಾತ್ರಿ, ಯಾರು ಅತಿ ಹೆಚ್ಚು ದೂರ ಸುತ್ತುವರೋ ಅವರೇ ವಿಜಯಿಗಳು. ಊಟ ನಿದ್ರೆಗಳಿಗೆ ಕಳೆದ ಹೊತ್ತೆಲ್ಲ ನಷ್ಟವೇ. ಸವಾರರು ನಿದ್ದೆಗೆಟ್ಟು ಬುದ್ಧಿಭ್ರಮಣೆಗೆ ಒಳಗಾಗುತ್ತಿದ್ದರು. ನೋಟಕರು ಅದನ್ನೇ ನೋಡಲು ಬರುತ್ತಿದ್ದರು. ಇದನ್ನು ಕ್ರೀಡೆಯೆನ್ನುವುದಕ್ಕಿಂತ ಕ್ರೌರ್ಯವೆನ್ನುವುದೇ ಲೇಸು. ಯಾರೋ ಚೂರಿ ಹಿಡಿದು ತನ್ನನ್ನು ಅಟ್ಟಿಸಿಕೊಂಡು ಬರುತ್ತಿರುವಂತೆ ಟೇಲರನಿಗೆ ಕಂಡಿತು. ಆದರೂ ಅವನು 1,732 ಮೈಲಿಗಳನ್ನು ಪೂರೈಸಿ ಎಂಟನೆಯವನಾಗಿ ನಿಂತನು. ಮತ್ತೆಂದೂ ಅವನು ಅಂತಹ ಪಂದ್ಯಕ್ಕೆ ಇಳಿಯಲಿಲ್ಲ. ತನ್ನ ಬಲ ಇರುವುದು ಮಿಂಚಿನ ಓಟದಲ್ಲಿ ಎಂಬುದನ್ನು ಅವನು ಅರಿತುಕೊಂಡಿದ್ದನು.

ಈ ಮಿಂಚಿನ ಓಟದ ಸ್ವರೂಪವನ್ನು ಸ್ವಲ್ಪ ತಿಳಿದರೆ ಟೇಲರನ ಪಾಡು ಅರ್ಥವಾಗುತ್ತದೆ. ವೇಗವಾಗಿ ಹೋಗುವ ಸವಾರನಿಗೆ ದೊಡ್ಡ ಶತ್ರು ಗಾಳಿಯ ತಡೆ. ಮುಂದಿರುವವನು ಗಾಳಿಯನ್ನು ಸೀಳುತ್ತಾನೆ. ಅವನ ಹಿಂದೆ ಅಂಟಿಕೊಂಡವನು ಕಡಿಮೆ ಶ್ರಮದಿಂದ ಅದೇ ವೇಗದಲ್ಲಿ ಹೋಗುತ್ತಾನೆ. ಆದುದರಿಂದ ಜಾಣ ಸವಾರನು ಇತರರ ಮರೆಯಲ್ಲಿ ಇದ್ದು, ಕೊನೆಯ ಗಳಿಗೆಯಲ್ಲಿ ಮುನ್ನುಗ್ಗುತ್ತಾನೆ. ಇದು ಎಲ್ಲರಿಗೂ ತಿಳಿದ ತಂತ್ರ. ಆದರೆ ಟೇಲರನು ಗುಂಪಿನ ನಡುವೆ ಸಿಕ್ಕಿದರೆ ಬಿಳಿಯ ಸವಾರರು ಒಳಗೊಳಗೇ ಒಂದಾಗಿ, ಮುಂದೊಬ್ಬ, ಪಕ್ಕದಲ್ಲೊಬ್ಬ, ಹಿಂದೊಬ್ಬನಾಗಿ ಸುತ್ತುಗಟ್ಟಿ ಅವನಿಗೆ ದಾರಿಯಿಲ್ಲದಂತೆ ಮಾಡುತ್ತಿದ್ದರು, ಮೊಣಕೈಯಿಂದ ತಿವಿಯುತ್ತಿದ್ದರು, ಬೇಲಿಯ ಕಡೆಗೆ ಒತ್ತುತ್ತಿದ್ದರು. ಆದ್ದರಿಂದ ಅವನು ಎರಡು ವಿದ್ಯೆಗಳನ್ನು ಕಲಿಯಬೇಕಾಯಿತು. ಒಂದು, ಬಳಲಿಕೆಯನ್ನು ಲೆಕ್ಕಿಸದೆ ಬಹು ಮುಂಚಿತವಾಗಿಯೇ ಎಲ್ಲರಿಗಿಂತ ಮುಂದೆ ಹೋಗಿಬಿಡುವುದು. ಮತ್ತೊಂದು, ಸೂಜಿ ತೂರುವಷ್ಟು ಸಂದು ಕಂಡರೂ ಅದರಲ್ಲಿ ನುಸುಳಿ ಹೊರಬರುವುದು. ಅವನ ಸವಾರಿಯ ಸೊಬಗೆಂದು ಪತ್ರಿಕೆಗಳು ಹೊಗಳಿದ್ದರಲ್ಲಿ ಎಷ್ಟೋ ಭಾಗ ಆತ್ಮರಕ್ಷಣೆಯಿಂದ ಹುಟ್ಟಿದ್ದು.

ಪಥದ ಹೊರಗಿನ ಕಷ್ಟಗಳು ಬೇರೆ. 1897ರ ಸೆಪ್ಟೆಂಬರ್ ತಿಂಗಳಿನಲ್ಲಿ ಟಾಂಟನ್ ಎಂಬ ಊರಿನ ಪಂದ್ಯದಲ್ಲಿ ಟೇಲರನು ಬೆಕರ್ ಎಂಬ ಸವಾರನಿಗಿಂತ ಮುಂದೆ ಗೆರೆ ದಾಟಿದನು. ಓಟ ಮುಗಿದೊಡನೆ ಬೆಕರನು ಅವನನ್ನು ಕೆಳಗೆ ಕೆಡವಿ, ಪ್ರಜ್ಞೆ ತಪ್ಪುವವರೆಗೂ ಕುತ್ತಿಗೆ ಹಿಸುಕಿದನು. ಪೋಲೀಸರು ಬಂದು ಬಿಡಿಸಬೇಕಾಯಿತು. ಈ ಕೃತ್ಯಕ್ಕೆ ಬೆಕರನಿಗೆ ಆದ ದಂಡನೆ ಐವತ್ತು ಡಾಲರ್ ಜುಲ್ಮಾನೆ. ಆ ವರ್ಷ ದಕ್ಷಿಣದ ಸಂಸ್ಥಾನಗಳ ವ್ಯವಸ್ಥಾಪಕರು ಟೇಲರನ ಹೆಸರನ್ನೇ ಸ್ವೀಕರಿಸದೆ ಹೋದುದರಿಂದ ರಾಷ್ಟ್ರೀಯ ಪ್ರಶಸ್ತಿಗೆ ಬೇಕಾದ ಅಂಕಗಳನ್ನು ಗಳಿಸುವ ಅವಕಾಶವೇ ಅವನಿಗೆ ತಪ್ಪಿತು. ಮರುವರ್ಷ ಚಳಿಗಾಲದ ಅಭ್ಯಾಸಕ್ಕೆಂದು ಜಾರ್ಜಿಯಾ ಸಂಸ್ಥಾನದ ಸವಾನ್ನಾ ಪಟ್ಟಣಕ್ಕೆ ಹೋದಾಗ, ಊರು ಬಿಡದಿದ್ದರೆ ಪ್ರಾಣ ಉಳಿಯದೆಂಬ ಬೆದರಿಕೆಯ ಪತ್ರ ಬಂತು. ಅವನು ಊರು ಬಿಟ್ಟನು. ಅದು ಹೇಡಿತನವಾಗಿರಲಿಲ್ಲ, ಆ ನಾಡಿನಲ್ಲಿ ಅಂತಹ ಬೆದರಿಕೆಗಳು ಬರಿಯ ಮಾತಾಗಿ ಉಳಿಯುತ್ತಿರಲಿಲ್ಲವೆಂಬುದನ್ನು ಕಪ್ಪು ಜನರೆಲ್ಲ ಬಲ್ಲವರಾಗಿದ್ದರು.

ಇಷ್ಟಾದರೂ ಅವನು ಪಥದ ಮೇಲೆ ಕೈಯೆತ್ತಿ ಹೊಡೆದಾಡಿದವನಲ್ಲ. ತಾಯಿ ತೀರಿಕೊಂಡ ಬಳಿಕ ಅವನು ಚರ್ಚಿಗೆ ಸೇರಿ ಶ್ರದ್ಧಾವಂತ ಕ್ರೈಸ್ತನಾಗಿ ಬಾಳತೊಡಗಿದ್ದನು. ಮದ್ಯ, ತಂಬಾಕುಗಳನ್ನು ಮುಟ್ಟುತ್ತಿರಲಿಲ್ಲ. ಭಾನುವಾರ ದೇವರ ದಿನವೆಂದು ನಂಬಿ ಆ ದಿನ ಪಂದ್ಯಕ್ಕೆ ಇಳಿಯುತ್ತಿರಲಿಲ್ಲ. ಅತಿ ಹೆಚ್ಚು ಜನ ಸೇರುವುದೂ ಅತಿ ಹೆಚ್ಚು ಹಣ ಸಿಗುವುದೂ ಭಾನುವಾರವೇ ಎಂಬುದನ್ನು ನೆನೆದರೆ ಈ ನಿಷ್ಠೆಗೆ ಅವನು ತೆತ್ತ ಬೆಲೆ ಎಷ್ಟೆಂಬುದು ತಿಳಿಯುತ್ತದೆ.

1898ರ ಆಗಸ್ಟ್ 27ರಂದು ನ್ಯೂಯಾರ್ಕಿನ ಮ್ಯಾನ್‌ಹಟನ್ ಬೀಚ್ ಪಥದಲ್ಲಿ ಅವನು ಬ್ರಿಟನ್ನಿನ ಜಿಮ್ಮಿ ಮೈಕೇಲನನ್ನು ಎದುರಿಸಿದನು. ಈ ಮೈಕೇಲನೂ ಅಸಾಮಾನ್ಯನೇ. ವೇಲ್ಸ್ ಪ್ರಾಂತದ ಅಬರಾಮನ್ ಎಂಬ ಕಲ್ಲಿದ್ದಲ ಗಣಿಗಳ ಊರಿನವನು, ಕುಳ್ಳ ಆಳು, 1895ರಲ್ಲಿ ಜರ್ಮನಿಯ ಕೊಲೋನ್ ನಗರದಲ್ಲಿ ದೂರದ ಓಟದ ವಿಶ್ವಪ್ರಶಸ್ತಿಯನ್ನು ಗೆದ್ದು ಬಂದವನು. ಅಂದಿನ ಪಂದ್ಯದಲ್ಲಿ ಐವರು ಒಟ್ಟಿಗೆ ತುಳಿಯುವ ಉದ್ದನೆಯ ಬೈಸಿಕಲ್ಲುಗಳು ಸವಾರರ ಮುಂದೆ ಗಾಳಿ ಸೀಳುತ್ತ ಸಾಗುವುದು, ಸವಾರರು ಅವುಗಳ ನೆರಳಿನಲ್ಲಿ ಹಿಂಬಾಲಿಸುವುದು ಪದ್ಧತಿ. ಮೂರು ಓಟಗಳಲ್ಲಿ ಮೊದಲನೆಯದನ್ನು ಟೇಲರನು ತನ್ನ ಮುಂದಿನ ವಾಹನ ಕೆಟ್ಟುದರಿಂದ ಕಳೆದುಕೊಂಡನು. ಉಳಿದೆರಡನ್ನೂ ಗೆದ್ದನು. ನಿಂತಲ್ಲಿಂದ ಹೊರಟು ಒಂದು ಮೈಲಿಯನ್ನು 1 ನಿಮಿಷ 41 2/5 ಸೆಕೆಂಡುಗಳಲ್ಲಿ ಮುಗಿಸಿ ಹೊಸ ವಿಶ್ವದಾಖಲೆಯನ್ನು ಸ್ಥಾಪಿಸಿದನು. ಆ ವರ್ಷ ಮುಗಿಯುವಷ್ಟರಲ್ಲಿ ಕಾಲು ಮೈಲಿಯಿಂದ ಎರಡು ಮೈಲಿಯವರೆಗಿನ ಏಳು ವಿಶ್ವದಾಖಲೆಗಳು ಅವನ ಹೆಸರಿನಲ್ಲಿದ್ದವು.

1899ರಲ್ಲಿ ವಿಶ್ವಪ್ರಶಸ್ತಿಯ ಪಂದ್ಯಗಳು ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ನಡೆದವು. ಆಗಸ್ಟ್ 10ರಂದು ಒಂದು ಮೈಲಿಯ ಅಂತಿಮ ಓಟದಲ್ಲಿ ಟೇಲರನು ಅಮೆರಿಕದ ಟಾಮ್ ಬಟ್ಲರನನ್ನೂ ಫ್ರಾನ್ಸಿನ ಕೂರ್ಬ್ ದೂತ್ರೆಲೋನನನ್ನೂ ಸೋಲಿಸಿ ಜಗದ್ವಿಜಯಿಯಾದನು. ಅವನಿಗಿಂತ ಮೊದಲು ಯಾವುದೇ ಕ್ರೀಡೆಯಲ್ಲಿ ವಿಶ್ವಪ್ರಶಸ್ತಿ ಗಳಿಸಿದ್ದ ಕಪ್ಪು ಜನಾಂಗದವನು ಒಬ್ಬನೇ, ಕೆನಡಾದಲ್ಲಿ ಹುಟ್ಟಿದ ಮುಷ್ಟಿಯುದ್ಧಪಟು ಜಾರ್ಜ್ ಡಿಕ್ಸನ್. ಮಾಂಟ್ರಿಯಲ್ಲಿನ ಜನ ಎದ್ದುನಿಂತು ಜಯಘೋಷ ಮಾಡಿದರು. ವಾದ್ಯಗಾರರು ಅಮೆರಿಕದ ರಾಷ್ಟ್ರಗೀತವನ್ನು ನುಡಿಸಿದರು. ಸ್ವಂತ ನೆಲದಲ್ಲಿ ಇದ್ದಾಗ ಬಾರದಷ್ಟು ಸ್ವದೇಶಾಭಿಮಾನ ಆ ಗಳಿಗೆಯಲ್ಲಿ ಪರದೇಶದ ನೆಲದ ಮೇಲೆ ತನ್ನಲ್ಲಿ ಉಕ್ಕಿತೆಂದು ಅವನು ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದನು.

ವಿಶ್ವವಿಜಯಿಯಾದವನು ಊರಿಗೆ ಮರಳಿ ವುಸ್ಟರಿನ ಒಳ್ಳೆಯ ಬಡಾವಣೆಯೊಂದರಲ್ಲಿ ಮನೆ ಕೊಂಡುಕೊಂಡನು. ಕೊಂಡವನು ಯಾರೆಂದು ತಿಳಿದಾಗ ನೆರೆಯವರು ತಕರಾರು ತೆಗೆದರು. ಟೇಲರನು ಮನೆ ಬಿಡಲಿಲ್ಲ. ಮೆಲ್ಲಮೆಲ್ಲನೆ ನೆರೆಯವರೇ ಸುಮ್ಮನಾದರು. 1900ರಲ್ಲಿ ರಾಷ್ಟ್ರೀಯ ಪ್ರಶಸ್ತಿಯೂ ಅವನ ಕೈಸೇರಿತು.

ಯೂರೋಪಿನ ವ್ಯವಸ್ಥಾಪಕರು ಬಹುಕಾಲದಿಂದ ಅವನನ್ನು ಕರೆಯುತ್ತಿದ್ದರು. ಭಾನುವಾರದ ಪಂದ್ಯಗಳಿಗೆ ಅವನು ಒಪ್ಪದಿದ್ದುದರಿಂದ ಮಾತುಕತೆ ಮುರಿದುಬೀಳುತ್ತಿತ್ತು. ಕೊನೆಗೆ ಅವರೇ ಸೋತು, ಬೇರೆ ದಿನಗಳಲ್ಲಿ ಪಂದ್ಯ ನಡೆಸಲು ಸಮ್ಮತಿಸಿದರು. 1901ರ ವಸಂತದಲ್ಲಿ ಅವನು ಫ್ರಾನ್ಸಿಗೆ ಬಂದಿಳಿದನು. ಪ್ಯಾರಿಸಿನ ಜನ ಕಾತರದಿಂದ ಎದುರುನೋಡುತ್ತಿದ್ದುದು ಅವನಿಗೂ ಎಡ್ಮಂಡ್ ಜಾಕ್ಲೆನ್ ಎಂಬ ಫ್ರೆಂಚ್ ವೀರನಿಗೂ ನಡೆಯಲಿದ್ದ ದ್ವಂದ್ವ. ಜಾಕ್ಲೆನ್ 1900ರ ವಿಶ್ವವಿಜಯಿ, ಕಟ್ಟುಮಸ್ತಾದ ಆಳು. ಮೇ 16ರಂದು ಪಾರ್ಕ್ ದೆ ಪ್ರಾನ್ಸ್ ಪಥದಲ್ಲಿ ಇಬ್ಬರೂ ಎದುರಾದರು. ಅಂದು ಚಳಿ ಕೊರೆಯುತ್ತಿತ್ತು. ಬಿಸಿಲಿದ್ದರೇ ಟೇಲರನ ಕಾಲುಗಳು ಸಡಿಲಗೊಳ್ಳುತ್ತಿದ್ದುದು. ಜಾಕ್ಲೆನ್ ಎರಡು ಓಟಗಳನ್ನೂ ಗೆದ್ದನು. ಗೆದ್ದ ಉತ್ಸಾಹದಲ್ಲಿ ಎದುರಾಳಿಯತ್ತ ಮೂಗಿಗೆ ಬೆರಳಿಟ್ಟು ಅಣಕಿಸಿದನು. ಟೇಲರನು ಏನೂ ಹೇಳದೆ ಮರುಪಂದ್ಯವನ್ನು ಕೇಳಿದನು. ಹನ್ನೊಂದು ದಿನಗಳ ಬಳಿಕ, ಮೇ 27ರಂದು, ಅದೇ ಪಥದಲ್ಲಿ ಅದೇ ಇಬ್ಬರು. ಮೊದಲ ಓಟದಲ್ಲಿ ಟೇಲರನು ಗೆದ್ದನು. ಎರಡನೆಯದರಲ್ಲಿಯೂ ಗೆದ್ದನು. ಗೆದ್ದ ಮೇಲೆ ತನ್ನ ದೇಶದ ಬಾವುಟವನ್ನು ಹೊರತೆಗೆದು ಬೀಸುತ್ತ ಪಥವನ್ನು ಒಂದು ಸುತ್ತು ಬಂದನು. ತಮ್ಮವನನ್ನು ಸೋಲಿಸಿದವನನ್ನು ಪ್ಯಾರಿಸಿನ ಜನ ಮನಸಾರೆ ಮೆಚ್ಚಿಕೊಂಡರು. ಅಲ್ಲಿ ಅವನು ಹೋಟೆಲಿಗೆ ಹೋದರೆ ಬಾಗಿಲು ಮುಚ್ಚುತ್ತಿರಲಿಲ್ಲ. ಪತ್ರಿಕೆಗಳು ಅವನ ಮಾತು, ಉಡುಪು, ಊಟ, ಪಿಯಾನೊ ವಾದನ ಎಲ್ಲವನ್ನೂ ಕುತೂಹಲದಿಂದ ವರ್ಣಿಸುತ್ತಿದ್ದವು.

1902ರ ಮಾರ್ಚ್ ತಿಂಗಳಲ್ಲಿ ಟೇಲರನು ಡೇಸಿ ಮಾರಿಸ್ ಎಂಬ ಕನ್ಯೆಯನ್ನು ವಿವಾಹವಾದನು. ಬಳಿಕ ಆಸ್ಟ್ರೇಲಿಯದಿಂದ ಕರೆ ಬಂತು. ಬಿಳಿಯರಲ್ಲದವರ ವಲಸೆಯನ್ನು ತಡೆಯುವ ಕಾನೂನನ್ನು ಆ ದೇಶವು 1901ರಲ್ಲಿಯಷ್ಟೇ ಮಾಡಿತ್ತು. ಆದರೂ ಸೈಕಲ್ ಪಂದ್ಯಗಳ ಹುಚ್ಚು ಕಾನೂನಿನ ಬಿಗಿಯನ್ನು ಮೀರಿತು. ಸಿಡ್ನಿ ನಗರ ಅವನನ್ನು ಸಡಗರದಿಂದ ಸ್ವಾಗತಿಸಿತು. ಎರಡು ಋತುಗಳು ಅಲ್ಲಿ ಅವನು ಸವಾರಿ ಮಾಡಿದನು. ಎರಡನೆಯ ಋತುವಿನಲ್ಲಿ ಫ್ಲಾಯ್ಡ್ ಮ್ಯಾಕ್‌ಫಾರ್ಲೆಂಡ್, ಐವರ್ ಲಾಸನ್ ಮೊದಲಾದ ಅಮೆರಿಕದ ಬಿಳಿಯ ಸವಾರರೂ ಅಲ್ಲಿಗೆ ಬಂದರು. ತಾಯ್ನಾಡಿನ ಹಗೆ ಸಮುದ್ರ ದಾಟಿ ಬಂದಂತಾಯಿತು. ಮೆಲ್ಬರ್ನಿನ ಒಂದು ಪಂದ್ಯದಲ್ಲಿ ಲಾಸನನು ಅಡ್ಡ ಬಂದುದರಿಂದ ಟೇಲರನು ಉರುಳಿಬಿದ್ದು ಗಾಯಗೊಂಡನು. ಅಧಿಕಾರಿಗಳು ಲಾಸನನನ್ನು ಪಂದ್ಯಗಳಿಂದ ಹೊರಗಿಟ್ಟರು. ಅಮೆರಿಕದಲ್ಲಿ ಇಂತಹ ನ್ಯಾಯ ಅವನಿಗೆ ದೊರೆತದ್ದು ಅಪರೂಪ. 1904ರ ಮೇ 11ರಂದು ಸಿಡ್ನಿಯಲ್ಲಿ ಅವನಿಗೆ ಹೆಣ್ಣುಮಗು ಹುಟ್ಟಿತು. ಆ ನಗರದ ನೆನಪಿಗಾಗಿ ಮಗುವಿಗೆ ಸಿಡ್ನಿ ಎಂದೇ ಹೆಸರಿಟ್ಟರು. ಕೂಸನ್ನು ಎತ್ತಿಕೊಂಡು ಸ್ಯಾನ್ ಫ್ರಾನ್ಸಿಸ್ಕೊ ಬಂದರಿನಲ್ಲಿ ಇಳಿದ ದಂಪತಿಗಳಿಗೆ ಕೂತು ಊಟ ಮಾಡಲು ಹೋಟೆಲುಗಳಲ್ಲಿ ಸ್ಥಳ ಸಿಗಲಿಲ್ಲ.

ಅಷ್ಟರಲ್ಲಿ ಅವನ ದೇಹ, ಮನಸ್ಸು ಎರಡೂ ದಣಿದಿದ್ದವು. ಎರಡು ಮೂರು ವರ್ಷ ಪಂದ್ಯಗಳಿಂದ ದೂರ ಉಳಿದನು. 1907ರಲ್ಲಿ ಮತ್ತೆ ಫ್ರಾನ್ಸಿಗೆ ಹೋಗಿ, ಕೊಬ್ಬಿದ್ದ ಮೈಯನ್ನು ಕರಗಿಸಿ, ಕೆಲವು ಗೆಲುವುಗಳನ್ನು ಪಡೆದನು. ಸಂಸಾರದ ಹೊರೆ ಹೆಗಲೇರಿದ್ದ ಈ ಕೊನೆಯ ವರ್ಷಗಳಲ್ಲಿ ಭಾನುವಾರದ ವ್ರತವನ್ನೂ ಅವನು ಸಡಿಲಿಸಬೇಕಾಯಿತು. ಅದಕ್ಕಾಗಿ ಅವನನ್ನು ದೂರುವ ಮನಸ್ಸು ನಮಗೆ ಬಾರದು. 1910ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಅವನು ಪಂದ್ಯಗಳಿಂದ ನಿವೃತ್ತನಾದನು.

ಆಮೇಲಿನ ಇಪ್ಪತ್ತೆರಡು ವರ್ಷಗಳ ಕಥೆ ಇಳಿಜಾರಿನದು. ಎಂಜಿನಿಯರಿಂಗ್ ಓದಬೇಕೆಂದು ವುಸ್ಟರಿನ ತಾಂತ್ರಿಕ ಸಂಸ್ಥೆಗೆ ಅರ್ಜಿ ಹಾಕಿದನು. ಪ್ರೌಢಶಾಲೆಯ ಪ್ರಮಾಣಪತ್ರವಿಲ್ಲವೆಂದು ಅದು ತಿರಸ್ಕೃತವಾಯಿತು. ಸವಾರಿಯ ದಿನಗಳಲ್ಲಿ ಅವನು ಬಳಸುತ್ತಿದ್ದ, ಹಿಡಿಯನ್ನು ಮುಂದಕ್ಕೂ ಹಿಂದಕ್ಕೂ ಸರಿಸಬಲ್ಲ ಸಾಧನಕ್ಕೆ ಅವನ ಹೆಸರೇ ನಿಂತಿತ್ತು; ಯಂತ್ರಗಳಲ್ಲಿ ಅವನಿಗೆ ನಿಜವಾದ ಆಸಕ್ತಿಯಿತ್ತು. ಮೋಟಾರು ವಾಹನಕ್ಕೆ ಹೊಸ ಬಗೆಯ ಚಕ್ರವೊಂದನ್ನು ರೂಪಿಸಿ, ಅದನ್ನು ತಯಾರಿಸುವ ಕಂಪನಿಯಲ್ಲಿ ಹಣ ತೊಡಗಿಸಿದನು. ಉದ್ಯಮ ಕೈಹಿಡಿಯಲಿಲ್ಲ, ಗಳಿಸಿದ ಹಣ ಕರಗಿತು. ಮೈಯಲ್ಲಿ ರೋಗ ಸೇರಿತು. ಒಂದೊಂದಾಗಿ ಆಸ್ತಿ ಮಾರಿ, ಹಟ ಹಿಡಿದು ಉಳಿಸಿಕೊಂಡಿದ್ದ ಆ ಮನೆಯನ್ನೂ ಮಾರಿದನು. ಈ ಸಂಕಟದ ನಡುವೆ ಅವನು ಹಲವು ವರ್ಷ ಕುಳಿತು ತನ್ನ ಆತ್ಮಕಥೆಯನ್ನು ಬರೆದು, ತಾನೇ ಅಚ್ಚುಹಾಕಿಸಿದನು. ಹಿಂದೆ ತನಗೆ ಅನ್ಯಾಯ ಮಾಡಿದವರ ಹೆಸರುಗಳು ಅದರಲ್ಲಿವೆ. ಅವರ ಮೇಲೆ ದ್ವೇಷ ಕಾರಿದ ಮಾತುಗಳನ್ನು ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ.

1930ರ ಸುಮಾರಿಗೆ ಪತ್ನಿಯಿಂದಲೂ ದೂರವಾಗಿ ಅವನು ಒಬ್ಬಂಟಿಯಾಗಿ ಶಿಕಾಗೋ ನಗರಕ್ಕೆ ಹೋದನು. ವೈ.ಎಂ.ಸಿ.ಎ. ವಸತಿಗೃಹದಲ್ಲಿ ಇಳಿದುಕೊಂಡು, ತನ್ನ ಪುಸ್ತಕದ ಪ್ರತಿಗಳನ್ನು ಮನೆಮನೆಗೆ ಒಯ್ದು ಮಾರುತ್ತಿದ್ದನು. ಆರ್ಥಿಕ ಮುಗ್ಗಟ್ಟಿನಿಂದ ಇಡೀ ದೇಶವೇ ತತ್ತರಿಸುತ್ತಿದ್ದ ಕಾಲ ಅದು; ಪುಸ್ತಕ ಕೊಳ್ಳುವವರು ಯಾರು? 1932ರ ಜೂನ್ 21ರಂದು ಅಲ್ಲಿಯ ಸಾರ್ವಜನಿಕ ಆಸ್ಪತ್ರೆಯ ಧರ್ಮಾರ್ಥ ವಾರ್ಡಿನಲ್ಲಿ ಅವನು ಕೊನೆಯುಸಿರೆಳೆದನು. ಆಗ ಅವನಿಗೆ ಐವತ್ತಮೂರು ವರ್ಷ. ದೇಹವನ್ನು ಕೇಳಿ ಬಂದ ಬಂಧುಗಳಿಲ್ಲ. ಶಿಕಾಗೋ ಹೊರವಲಯದ ಮೌಂಟ್ ಗ್ಲೆನ್‌ವುಡ್ ಸ್ಮಶಾನದಲ್ಲಿ ನಿರ್ಗತಿಕರಿಗೆಂದು ಬಿಟ್ಟ ಜಾಗದಲ್ಲಿ, ಗುರುತಿನ ಕಲ್ಲೂ ಇಲ್ಲದೆ, ಅವನನ್ನು ಹೂಳಲಾಯಿತು.

ಹದಿನಾರು ವರ್ಷ ಹಾಗೆಯೇ ಕಳೆಯಿತು. ಹತ್ತೊಂಬತ್ತನೆಯ ಶತಮಾನದ ಪಂದ್ಯಗಳಲ್ಲಿ ಸವಾರಿ ಮಾಡಿ ಈಗ ಮುದುಕರಾಗಿದ್ದ ಕೆಲವರಿಗೆ ಈ ಸಂಗತಿ ತಿಳಿದುಬಂತು. ಬೈಸಿಕಲ್ ಕಾರ್ಖಾನೆಯ ಒಡೆಯನಾದ ಫ್ರ್ಯಾಂಕ್ ಶ್ವಿನ್ ವೆಚ್ಚವನ್ನು ವಹಿಸಿಕೊಂಡನು. 1948ರಲ್ಲಿ ಟೇಲರನ ಅವಶೇಷಗಳನ್ನು ಆ ಹೆಸರಿಲ್ಲದ ಗುಳಿಯಿಂದ ಹೊರತೆಗೆದು, ಅದೇ ಸ್ಮಶಾನದ ಪ್ರಮುಖ ಸ್ಥಳವೊಂದಕ್ಕೆ ಸಾಗಿಸಿ, ಮೇಲೆ ಕಂಚಿನ ಫಲಕವನ್ನು ಇರಿಸಿದರು. ಅಲ್ಲಿ ಕೈಕಟ್ಟಿ ನಿಂತಿದ್ದ ಮುದುಕರು ಹಳೆಯ ಕಾಲದ ಪಥಗಳನ್ನು ಬಲ್ಲವರು. ಆ ಪಥಗಳಲ್ಲಿ ಟೇಲರನನ್ನು ಹೇಗೆ ಸುತ್ತುಗಟ್ಟುತ್ತಿದ್ದರೆಂಬುದನ್ನೂ ಬಲ್ಲವರು. ಸಿಡ್ನಿ ಎಂಬ ಹೆಸರಿನ ಮಗಳು ತಂದೆಯ ಕಾಗದಪತ್ರಗಳನ್ನೂ ಚಿತ್ರಗಳನ್ನೂ ಜೋಪಾನವಾಗಿ ಕಾಪಾಡಿದಳು. ಆಕೆ ತೀರಿಕೊಂಡದ್ದು 2005ರಲ್ಲಿ, ನೂರ ಒಂದನೆಯ ವಯಸ್ಸಿನಲ್ಲಿ. ಕಪ್ಪು ಹುಡುಗನನ್ನು ಪಥದಿಂದ ಹೊರಗಟ್ಟಿದ್ದ ಇಂಡಿಯಾನಾಪೊಲಿಸ್ ನಗರವು 1982ರಲ್ಲಿ ಹೊಸದೊಂದು ಸೈಕಲ್ ಪಥವನ್ನು ಕಟ್ಟಿಸಿ ಅದಕ್ಕೆ ಮೇಜರ್ ಟೇಲರನ ಹೆಸರಿಟ್ಟಿತು.